ಫಿಫ್ಟೀನ್ ಅಂದರೆ ಫಿಫ್ಟಿ ಕೇಳಿಸಿತು: ನಾನು ಸೇರಿದ ಪ್ರೆಸೆಂಟೇಶನ್ ಕ್ಲಾಸ್

ಕಳೆದ ವರ್ಷ ಒಂದು ವಿಡಿಯೋ ಮೀಟಿಂಗ್‌ನಲ್ಲಿ ನಾನು 'ಫಿಫ್ಟೀನ್' ಅಂದೆ. ಆ ಕಡೆ ಕೂತಿದ್ದ ಕಸ್ಟಮರ್ 'ಫಿಫ್ಟಿ' ಅಂತ ಬರೆದುಕೊಂಡರು. 6,000 ಪಾರ್ಟ್‌ಗೆ 15 ರಿಜೆಕ್ಟ್ ಆದರೆ 2,500 ಪಿಪಿಎಂ, ಅಂದರೆ ಹತ್ತು ಲಕ್ಷ ಪಾರ್ಟ್‌ಗೆ 2,500ರ ಲೆಕ್ಕ. 50 ಆದರೆ 8,333. ಮರುದಿನ ಬಂದ ಮೇಲ್ ನೋಡಿ ನಮ್ಮ ಮ್ಯಾನೇಜರ್ ನನ್ನ ಕಡೆ ತಿರುಗಿದರು, ಏನೂ ಹೇಳಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಾನು ತಿಪಟೂರಿನವಳು. ಡಿಪ್ಲೊಮಾ ಮುಗಿಸಿ ಒಂಬತ್ತು ವರ್ಷದಿಂದ ಪೀಣ್ಯದ ಒಂದು ಮಷೀನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ತೂತಿನ ಒಳ ಅಳತೆ ನೋಡುವ ಬೋರ್ ಗೇಜ್ ಕೈಗೆ ಕೊಟ್ಟರೆ ಯಾರಿಗೂ ಹೆದರಲ್ಲ. ಮೈಕ್ ಕೊಟ್ಟರೆ ಸ್ಲೈಡ್ ಮೇಲಿರುವುದನ್ನೇ ಓದಿ ಮುಗಿಸಿ ಕೂತುಬಿಡುತ್ತಿದ್ದೆ. ಅದಕ್ಕೇ ರಾಜಾಜಿನಗರದಲ್ಲಿ ಒಂದು ಕ್ಲಾಸ್ ಸೇರಿದೆ. ಇಂಗ್ಲಿಷ್ ಕಲಿಯುತ್ತಿರುವವರಿಗೆ ಪ್ರೆಸೆಂಟೇಶನ್ ಕಲಿಸುತ್ತಾರೆ. ಆರು ಭಾನುವಾರ, ಬೆಳಿಗ್ಗೆ ಹತ್ತರಿಂದ ಒಂದು ಗಂಟೆ, ಫೀಸು 5,500 ರೂಪಾಯಿ. ದೂರುಗಳೂ ಇರುವುದರಿಂದ ಹೆಸರು ಬರೆಯುತ್ತಿಲ್ಲ.

ಮೊದಲ ದಿನ ಮೇಡಂ ಗ್ರಾಮರ್ ತೆಗೆಯಲೇ ಇಲ್ಲ. 'ನಿಮ್ಮ ಕೆಲಸದ ಬಗ್ಗೆ ಎರಡು ನಿಮಿಷ ಮಾತಾಡಿ, ನಿಮ್ಮ ಮೊಬೈಲ್‌ನಲ್ಲೇ ರೆಕಾರ್ಡ್ ಮಾಡ್ಕೊಳ್ಳಿ, ಮನೆಗೆ ಹೋಗಿ ಕೇಳಿ' ಅಂದರು. ರಾತ್ರಿ ಪಾತ್ರೆ ತೊಳೆಯುತ್ತಾ ಕೇಳಿದೆ. ಎರಡು ನಿಮಿಷಕ್ಕೆ ಹತ್ತೊಂಬತ್ತು ಸಲ 'ಆ್ಯಕ್ಚುಲಿ'. ನನ್ನ ಮಗ ಎಣಿಸಿದ್ದು, ನಾನಲ್ಲ.

ಎರಡನೇ ವಾರ ನನ್ನ ಫಿಫ್ಟೀನ್ ಕಥೆ ಹೇಳಿದೆ. ಕ್ಲಾಸ್ ನಕ್ಕಿತು, ಮೇಡಂ ನಗಲಿಲ್ಲ. ಕನ್ನಡದಲ್ಲಿ ನಾವು ಒಂದೊಂದು ಅಕ್ಷರವನ್ನೂ ಹೆಚ್ಚುಕಡಿಮೆ ಸಮನಾಗಿ ಹೇಳಿಕೊಂಡು ಹೋಗುತ್ತೇವೆ. ಇಂಗ್ಲಿಷ್ ಕಿವಿ ಒತ್ತು ಎಲ್ಲಿದೆ ಅಂತ ಹುಡುಕುತ್ತದೆ. ಐವತ್ತಕ್ಕೆ 'ಫಿ' ಮೇಲೆ ಒತ್ತು, ಕೊನೆಯ 'ಟಿ' ಚಿಕ್ಕದು. ಹದಿನೈದಕ್ಕೆ 'ಟೀನ್' ಅನ್ನು ಎಳೆದು ಒತ್ತಬೇಕು. ಅಷ್ಟಾದರೂ ನಂಬಿಕೆ ಬೇಡ, 'ಫಿಫ್ಟೀನ್, ಒನ್ ಫೈವ್' ಅಂತ ಬಿಡಿಸಿ ಹೇಳಿ ಅಂದರು. 'ಪಾರ್ಟು', 'ಟೂಲು', 'ಗೇಜು' ಅಂತ ನಾವು ಕೊನೆಗೆ ಉಕಾರ ಸೇರಿಸುವುದನ್ನು ಅವರು ತಿದ್ದಲು ಹೋಗಲಿಲ್ಲ. ಅದರಿಂದ ಯಾರ ಲೆಕ್ಕವೂ ತಪ್ಪಲ್ಲ, ಅಂಕಿ ಮಾತ್ರ ಸರಿಯಾಗಿ ಹೇಳಿ ಅನ್ನುವುದು ಅವರ ಮಾತು. ನನಗೆ ಇದು ಬಹಳ ಹಿಡಿಸಿತು. ನನ್ನ ಸ್ಲೈಡ್‌ನಲ್ಲಿದ್ದ '1.2 ಲಕ್ಷ' ಕೂಡ ಅವತ್ತೇ ಹೋಯಿತು. ಹೊರದೇಶದ ಕಸ್ಟಮರ್‌ಗೆ ಲಕ್ಷ ಗೊತ್ತಿಲ್ಲ. 1,20,000 ಅಂತ ಕಾಮಾ ಹಾಕಿದರೂ ತಬ್ಬಿಬ್ಬಾಗುತ್ತಾರೆ. ಈಗ 120,000 ಅಂತಲೇ ಬರೆಯುತ್ತೇನೆ.

ಮೂರನೇ ವಾರದ್ದು ಇನ್ನೂ ಒಳ್ಳೆಯ ಪಾಠ. ನಾನು ಹೇಳುತ್ತಿದ್ದ ರೀತಿ ಹೀಗಿತ್ತು: ಇನ್ಸರ್ಟ್ (ಟೂಲ್ ತುದಿಯ ಕತ್ತರಿಸುವ ಚೂರು) ಸವೆದಿತ್ತು, ಆಪರೇಟರ್ ಬದಲಾಯಿಸಿರಲಿಲ್ಲ, ಬೋರ್ ಅಳತೆ ಕಡಿಮೆ ಬಂತು, ಗೋ ಗೇಜ್ (ತೂತಿನ ಅಳತೆ ಸಾಕಷ್ಟಿದ್ದರೆ ಒಳಗೆ ಹೋಗಬೇಕಾದದ್ದು) ಒಳಗೆ ಹೋಗಲಿಲ್ಲ, ಹಾಗಾಗಿ ಪಾರ್ಟ್ ರಿಜೆಕ್ಟ್. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ತಾನೇ ಬರುವುದು? ಕಥೆಯನ್ನೂ ಹಾಗೇ ಹೇಳುತ್ತೇವೆ, ಮುಖ್ಯ ವಿಷಯ ಕೊನೆಗೆ. 'ಅಷ್ಟೊತ್ತಿಗೆ ಅವರು ಮೊಬೈಲ್ ನೋಡ್ತಿರ್ತಾರೆ' ಅಂದರು ಮೇಡಂ. ಎಷ್ಟು ಹೋಯಿತು ಅನ್ನುವುದು ಮೊದಲು, ಯಾಕೆ ಅನ್ನುವುದು ಆಮೇಲೆ, ಏನು ಮಾಡಿದಿರಿ ಅನ್ನುವುದು ಕೊನೆಗೆ. ನಡುನಡುವೆ ಬಾಯಿ ಮುಚ್ಚಿಕೊಂಡು ಎರಡು ಸೆಕೆಂಡ್ ನಿಲ್ಲಬೇಕು. ಈ ನಿಲ್ಲುವುದು ಇದೆಯಲ್ಲ, ಮಾತಾಡುವುದಕ್ಕಿಂತ ಕಷ್ಟ.

ನಾಲ್ಕನೇ ವಾರ ಪೆಚಾಕುಚಾ. 2003ರಲ್ಲಿ ಟೋಕಿಯೋದಲ್ಲಿ ಇಬ್ಬರು ಆರ್ಕಿಟೆಕ್ಟ್‌ಗಳು ಶುರು ಮಾಡಿದ ಪದ್ಧತಿ: 20 ಸ್ಲೈಡ್, ಒಂದೊಂದಕ್ಕೆ 20 ಸೆಕೆಂಡ್, ಸ್ಲೈಡ್ ತಾನಾಗಿಯೇ ಮುಂದೆ ಹೋಗುತ್ತದೆ. ನಮಗೆ ಆರು ಸ್ಲೈಡ್ ಮಾತ್ರ. ಬರೀ ಚಿತ್ರ, ವಾಕ್ಯ ಇರಕೂಡದು. ಓದುವ ಚಾಳಿ ಬಿಡಿಸಲು ಇದಕ್ಕಿಂತ ಒಳ್ಳೆಯ ಮದ್ದಿಲ್ಲ, ಒಪ್ಪುತ್ತೇನೆ. ಆದರೆ ಹೊಸಬರಿಗೆ ಇದು ತುಸು ಜಾಸ್ತಿಯೇ ಆಯಿತು. ನಾನು ಪರೇಟೊ ಚಾರ್ಟ್ (ಯಾವ ದೋಷ ಎಷ್ಟು ಅಂತ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ಚಿತ್ರ) ವಿವರಿಸುತ್ತಿದ್ದಾಗ ಪರದೆ ಮೇಲೆ ಆಗಲೇ ಕೂಲೆಂಟ್ ಟ್ಯಾಂಕ್ ಬಂದಿತ್ತು. ನಮ್ಮ ಜೊತೆ ಹಾಸನದ ಒಬ್ಬ ನರ್ಸ್ ಇದ್ದರು, ಅವರಿಗೆ ಕಣ್ಣೀರು ಬರುವುದೊಂದು ಬಾಕಿ. ಅವತ್ತು ಎಲ್ಲರೂ ರೈಲು ಹಿಡಿಯುವವರ ಹಾಗೆ ಮಾತಾಡಿದರು. ಹಿಂದಿನ ವಾರ ಕಲಿತ ನಿಲುಗಡೆ ಅಲ್ಲಿಗೆ ಮಾಯ.

ಇನ್ನು ದೂರು. ಎಂಟೇ ಜನರ ಬ್ಯಾಚ್ ಅಂದಿದ್ದರು, ಕೂತಿದ್ದು ಹದಿನಾಲ್ಕು ಜನ. ಹಾಗಾಗಿ ಒಬ್ಬೊಬ್ಬರಿಗೆ ಸಿಕ್ಕಿದ್ದು ಚೂರೇ ಚೂರು ಸಮಯ. ಕೊಟ್ಟ ಪುಸ್ತಕ ಜೆರಾಕ್ಸ್, ಅದರಲ್ಲಿ ಯಾವುದೋ ಊರಿನ ಟೆನಿಸ್ ಕ್ಲಬ್ ಬಗ್ಗೆ ಭಾಷಣ. ವಾಟ್ಸ್ಆ್ಯಪ್ ಗ್ರೂಪ್ ತುಂಬಾ ಗುಡ್ ಮಾರ್ನಿಂಗ್ ಹೂವು.

ಇವೆಲ್ಲ ಸಹಿಸಿಕೊಳ್ಳಬಹುದು. ನನಗೆ ನಿಜಕ್ಕೂ ಬೇಜಾರಾದದ್ದು ಪ್ರಶ್ನೋತ್ತರಕ್ಕೆ ಬರೀ ಅರ್ಧ ಗಂಟೆ ಕೊಟ್ಟಿದ್ದು, ಅದೂ ಐದನೇ ವಾರದ ಕೊನೆಗೆ. ಮುಳುಗುವುದು ಅಲ್ಲೇ ಅಲ್ವಾ? ಮಾತಾಡುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಬಹುದು, ಕನ್ನಡಿ ಪ್ರಶ್ನೆ ಕೇಳಲ್ಲ. ಆ ಅರ್ಧ ಗಂಟೆಯಲ್ಲೇ ಇಡೀ ಕೋರ್ಸ್‌ನ ಅತಿ ಉಪಯೋಗದ ಮಾತು ಬಂತು. 'ನೀವು ಗಂಟೆಗೊಮ್ಮೆ ಚೆಕ್ ಮಾಡಲ್ವಾ?' ಅಂತ ಕೇಳಿದರೆ ಕನ್ನಡದಲ್ಲಿ 'ಹೌದು, ಮಾಡಲ್ಲ' ಅನ್ನುತ್ತೇವೆ. ಅದೇ ಅಭ್ಯಾಸದಲ್ಲಿ ಇಂಗ್ಲಿಷ್‌ನಲ್ಲಿ ಬರೀ 'ಯಸ್ ಸರ್' ಅಂದರೆ ಅವರಿಗೆ ಚೆಕ್ ಮಾಡುತ್ತೇವೆ ಅಂತ ಅರ್ಥ! ಯಸ್-ನೋ ಬಿಟ್ಟು ಪೂರ್ತಿ ವಾಕ್ಯ ಹೇಳಿ ಅಂದರು. ಎಷ್ಟು ಆಡಿಟ್‌ಗಳಲ್ಲಿ ನಾನು ಹೀಗೆ ಸುಮ್ನೆ ತಲೆಯಾಡಿಸಿದ್ದೇನೋ, ನೆನೆಸಿಕೊಂಡರೆ ಬೆವರು ಬರುತ್ತದೆ.

ಕ್ಲಾಸ್ ಮುಗಿದ ತಿಂಗಳಿಗೆ ಅದೇ ಕಸ್ಟಮರ್ ಜೊತೆ ಮತ್ತೆ ಮೀಟಿಂಗ್ ಇತ್ತು. ಒಂದು ಪ್ರಶ್ನೆ ಅರ್ಥವಾಗಲಿಲ್ಲ. ಯಸ್ ಅನ್ನದೆ, 'ನೀವು ಕೇಳ್ತಿರೋದು ಎರಡನೇ ಶಿಫ್ಟ್ ಬಗ್ಗೆ ತಾನೇ?' ಅಂತ ಇಂಗ್ಲಿಷ್‌ನಲ್ಲಿ ತಿರುಗಿ ಕೇಳಿದೆ. ಅಲ್ಲ, ಮೂರನೇ ಶಿಫ್ಟ್ ಬಗ್ಗೆ ಅಂದರು. ಮೂರನೇ ಶಿಫ್ಟ್‌ನ ಚೆಕ್ ಶೀಟ್ ಕೈಯಲ್ಲೇ ಇತ್ತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ನಮ್ಮ ಲೈನ್ ಸೂಪರ್‌ವೈಸರ್ ಮುಂದಿನ ಬ್ಯಾಚ್‌ಗೆ ದುಡ್ಡು ಕಟ್ಟಿದ್ದಾರೆ. ಪ್ರಶ್ನೋತ್ತರಕ್ಕೆ ಒಂದು ಪೂರ್ತಿ ಭಾನುವಾರ ಕೊಡಿ ಅಂತ ಮೊದಲ ದಿನವೇ ಕೇಳಿ ಅಂದಿದ್ದೇನೆ. ಆಮೇಲೆ ಕಿಟಕಿ ಪಕ್ಕದ ಕುರ್ಚಿ ಹಿಡಿಯಿರಿ ಅಂತಲೂ. ಅಲ್ಲಿನ ಫ್ಯಾನ್ ಒಂದೇ ತಿರುಗುವುದು.