ಮಾಟುಂಗಾದ ಕಿಲೋ ಹಿಟ್ಟು: ಉಬ್ಬುತ್ತದೆ, ಆದರೆ ತಾರೀಕಿಲ್ಲ

ಮುಂಬಯಿಯ ಮಾಟುಂಗಾ ಪೂರ್ವದ ಮಾರ್ಕೆಟ್ಟಿನಲ್ಲಿ ಬಾಳೆಲೆ, ಕರಿಬೇವು, ಕಾಫಿಪುಡಿಯ ಜೊತೆಗೆ ರುಬ್ಬಿದ ದೋಸೆ ಹಿಟ್ಟೂ ಸಿಗುತ್ತದೆ. ಅಲ್ಲಿನ ಒಂದು ಅಂಗಡಿಯ ಕಿಲೋ ಚೀಲದ ಬಗ್ಗೆ ಈ ಮಾತು. ಪೀಜಿಯಲ್ಲಿದ್ದು ಈಗಷ್ಟೇ ಅಡುಗೆ ಕಲಿಯುತ್ತಿರುವ ಹುಡುಗ ಹುಡುಗಿಯರು ಧೈರ್ಯವಾಗಿ ಕೊಳ್ಳಬಹುದು. ಕಾರಣ ಒಂದೇ: ಇದು ಆಗಷ್ಟೇ ರುಬ್ಬಿದ, ಇನ್ನೂ ಹುಳಿ ಬರದ, ಉಪ್ಪು ಸೋಡಾ ಹಾಕದ ಹಿಟ್ಟು. ಹುಳಿ ಬರಿಸುವ ಕೆಲಸ ನಿಮ್ಮ ಕೈಯಲ್ಲೇ ಉಳಿಯುತ್ತದೆ.

ಸೋಡಾ ಇಲ್ಲವೆಂದು ಹೇಗೆ ಗೊತ್ತು? ಒಂದು ಚಮಚ ಹಿಟ್ಟಿಗೆ ನಾಲ್ಕು ಹನಿ ಲಿಂಬೆರಸ ಬಿಡಿ. ಸೋಡಾ ಇದ್ದರೆ ಸುರ್ರೆಂದು ನೊರೆ ಏಳುತ್ತದೆ; ಇಲ್ಲಿ ಏಳಲಿಲ್ಲ. ಹುಳಿ ಬಂದ ಹಿಟ್ಟಿಗೆ ಈ ಪರೀಕ್ಷೆ ನಡೆಯದು, ಅದರ ಆಮ್ಲವೇ ಸೋಡಾವನ್ನು ಮೊದಲೇ ಮುಗಿಸಿರುತ್ತದೆ. ಸೋಡಾ ಹೆಚ್ಚಾದರೆ ದೋಸೆಗೆ ಸೋಪಿನ ರುಚಿ, ಇಡ್ಲಿಗೆ ಹಳದಿ ಬಣ್ಣ. ಬಿ1 ಜೀವಸತ್ವವೂ ಬೇಯುವಾಗ ನಷ್ಟವಾಗುತ್ತದೆ.

ಕಿಲೋ ಹಿಟ್ಟಿಗೆ 10 ಗ್ರಾಂ ಉಪ್ಪು, ಅಂದರೆ ಸುಮಾರು ಎರಡು ಟೀ ಚಮಚ, ಕೈಯಲ್ಲೇ ಕಲಸಿ. ಪಾತ್ರೆ ಅರ್ಧದಷ್ಟೇ ತುಂಬಿರಲಿ, ಇಲ್ಲದಿದ್ದರೆ ಬೆಳಿಗ್ಗೆ ಕಟ್ಟೆ ಒರೆಸುವ ಕೆಲಸ ಖಾಯಂ. ಈಸ್ಟ್ ಬೇಕಿಲ್ಲ: ಅಕ್ಕಿ, ಉದ್ದಿನಲ್ಲೇ ಇರುವ ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಲೋಳೆ; ಬರೀ ಅಕ್ಕಿ ಹಿಟ್ಟು ಹುಳಿಯಾದರೂ ಹೀಗೆ ಉಬ್ಬುವುದಿಲ್ಲ. ಮುಂಬಯಿಯ 30 ಡಿಗ್ರಿ ಸೆಕೆಯಲ್ಲಿ ಎಂಟು ಗಂಟೆ ಸಾಕು, ಜನವರಿಯ ರಾತ್ರಿಗೆ ಹತ್ತು ಹನ್ನೆರಡು. ಒಂದು ಹನಿ ಹಿಟ್ಟು ನೀರಿನಲ್ಲಿ ತೇಲಿದರೆ ಆಯಿತು, ಸೀದಾ ಫ್ರಿಜ್ಜಿಗೆ.

ತಕರಾರು ಎರಡು. ಚೀಲದ ಮೇಲೆ ರುಬ್ಬಿದ ತಾರೀಕೂ ಇಲ್ಲ, ಹೊತ್ತೂ ಇಲ್ಲ. ಬೆಳಿಗ್ಗೆ ಚಪ್ಪಟೆಯಾಗಿದ್ದ ಚೀಲ ಸಂಜೆಗೆ ದಿಂಬಿನಂತಾಗಿರುತ್ತದೆ. ಅದನ್ನು ತಂದು ಮತ್ತೆ ರಾತ್ರಿಯಿಡೀ ಹೊರಗಿಟ್ಟರೆ ಹುಳಿ ತಲೆಗೇರುತ್ತದೆ. ಎರಡನೆಯದು, ‘ಇಡ್ಲಿಗೂ ಆಗುತ್ತದೆ’ ಎಂಬ ಅಂಗಡಿಯವರ ಮಾತು. ಆಗುವುದಿಲ್ಲ. ಹಿಟ್ಟು ತೀರ ನುಣುಪು, ಇಡ್ಲಿ ಅಂಟಂಟಾಗುತ್ತದೆ. ಬೇಕೇ ಬೇಕಿದ್ದರೆ ಅರ್ಧ ಕಿಲೋಗೆ 100 ಗ್ರಾಂ ಇಡ್ಲಿ ರವೆ ನೆನೆಸಿ, ಹಿಂಡಿ, ಹುಳಿ ಬರುವ ಮೊದಲೇ ಸೇರಿಸಿ.

ದೋಸೆಗಾದರೆ ಪೂರ್ತಿ ಅಂಕ. ಹಿಟ್ಟನ್ನು ಅರ್ಧ ಗಂಟೆ ಮೊದಲೇ ಫ್ರಿಜ್ಜಿನಿಂದ ತೆಗೆಯಿರಿ. ಕಾವಲಿ ಸಿಕ್ಕಾಪಟ್ಟೆ ಕಾದಿದ್ದರೆ ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ, ಏಕೆಂದರೆ ಹರಡುವ ಮೊದಲೇ ಪಿಷ್ಟ ಬೆಂದು ಗಟ್ಟಿಯಾಗುತ್ತದೆ. ನೀರು ಚಿಮುಕಿಸಿ, ಒರೆಸಿ, ಹೊಯ್ದು, ಆಮೇಲೆ ಉರಿ ಏರಿಸಿ. ದೋಸೆ ಬಿಳಿಚಿಕೊಂಡಿದ್ದರೆ ಉರಿಯನ್ನಷ್ಟೇ ಬೈಯಬೇಡಿ: ಹುಳಿ ಹೆಚ್ಚಾದ ಹಿಟ್ಟಿನಲ್ಲಿ ಬಣ್ಣ ಬರಿಸುವ ಸಕ್ಕರೆ ಖರ್ಚಾಗಿರುತ್ತದೆ. ಅರ್ಧ ಚಮಚ ಸಕ್ಕರೆ ಕಲಸಿದರೆ ಹೊಂಬಣ್ಣ ಬರುತ್ತದೆ.

ಪೋಷಣೆಯ ಲೆಕ್ಕವೂ ಇರಲಿ. ಪ್ರೋಟೀನಿನ ಅಂಶಗಳಾದ ಅಮೈನೊ ಆಮ್ಲಗಳಲ್ಲಿ, ಅಕ್ಕಿಯಲ್ಲಿ ಕಡಿಮೆಯಿರುವ ಲೈಸೀನ್ ಉದ್ದಿನಲ್ಲಿದೆ, ಉದ್ದಿನಲ್ಲಿ ಕಡಿಮೆಯಿರುವ ಮಿಥಿಯೊನೀನ್ ಅಕ್ಕಿಯಲ್ಲಿದೆ, ಜೋಡಿ ಚೆನ್ನಾಗಿದೆ. ಆದರೆ ಅಕ್ಕಿ ಮೂರು ಪಾಲು, ಉದ್ದು ಒಂದು ಪಾಲು ಎಂದು ಹಿಡಿದರೂ ಒಂದು ದೋಸೆಯಲ್ಲಿ ಸಿಗುವ ಪ್ರೋಟೀನ್ ಸುಮಾರು ಮೂರು ಗ್ರಾಂ. ಬರೀ ಚಟ್ನಿಯಲ್ಲಿ ಮುಗಿಸದೆ ಬೇಳೆ ಹೆಚ್ಚಿರುವ ಸಾಂಬಾರು ಮಾಡಿಕೊಳ್ಳಿ.

ಹುಳಿ ಬಂದ ಹಿಟ್ಟು ಫ್ರಿಜ್ಜಿನಲ್ಲಿ ಮೂರು ದಿನ ನಡೆಯುತ್ತದೆ. ಮೂರನೇ ದಿನದ್ದಕ್ಕೆ ಈರುಳ್ಳಿ, ಹಸಿಮೆಣಸು ಹಾಕಿ ಪಡ್ಡು ಮಾಡಿ. ಮೇಲೆ ಗುಲಾಬಿಯೋ ಕಿತ್ತಳೆಯೋ ಚುಕ್ಕೆ ಕಂಡರೆ ಅಷ್ಟನ್ನೇ ಕೆರೆದು ತೆಗೆದು ಉಳಿಸಿಕೊಳ್ಳಬೇಡಿ, ಪೂರ್ತಿ ಚೆಲ್ಲಿ.