ಗ್ರಿಮ್‌ರಾಕ್: ಎರಡನೆಯದಕ್ಕೆ ಮೊದಲು ಮೊದಲನೆಯದೇ?

ಫಿನ್‌ಲೆಂಡಿನ ಆಲ್ಮೋಸ್ಟ್ ಹ್ಯೂಮನ್ ಎಂಬ ಸಣ್ಣ ತಂಡದ ಕಂಪ್ಯೂಟರ್ ಆಟ ‘ಲೆಜೆಂಡ್ ಆಫ್ ಗ್ರಿಮ್‌ರಾಕ್’ 2012ರಲ್ಲಿ ಬಂದಿತು, ಅದರ ಎರಡನೇ ಭಾಗ 2014ರಲ್ಲಿ. ಎರಡನೆಯದನ್ನು ಆಡುವ ಮೊದಲು ಮೊದಲನೆಯದನ್ನು ಆಡಬೇಕೇ ಎಂಬುದು ಇಲ್ಲಿನ ಪ್ರಶ್ನೆ. ನಾನು ಎರಡನೆಯದನ್ನು ಮೊದಲು ಆಡಿ ಮುಗಿಸಿ, ಬಳಿಕ ಮೊದಲನೆಯದಕ್ಕೆ ಹೋಗಿ, ಆಮೇಲೆ ಎರಡನೆಯದನ್ನು ನಾಲ್ಕು ಪಾತ್ರಗಳ ಹೊಸ ತಂಡದೊಂದಿಗೆ ಮತ್ತೆ ಆರಂಭಿಸಿದೆ. ಆದ್ದರಿಂದ ಎರಡೂ ಕ್ರಮಗಳ ಅನುಭವ ನನಗಿದೆ.

ಕಥೆಯ ದೃಷ್ಟಿಯಿಂದ ಯಾವ ಅಡ್ಡಿಯೂ ಇಲ್ಲ. ಮೊದಲನೆಯದರಲ್ಲಿ ನಾಲ್ವರು ಕೈದಿಗಳನ್ನು ಪರ್ವತದೊಳಕ್ಕೆ ತಳ್ಳಲಾಗುತ್ತದೆ. ಇನ್ನೊಂದರಲ್ಲಿ ಬೇರೆ ನಾಲ್ವರು ಹಡಗು ಒಡೆದು ನೆಕ್ಸ್ ದ್ವೀಪದ ದಡ ಸೇರುತ್ತಾರೆ.

ನಿಜವಾದ ವ್ಯತ್ಯಾಸ ಇರುವುದು ಕಲಿಕೆಯಲ್ಲಿ. ಮೊದಲ ಆಟದಲ್ಲಿ ಇಕ್ಕಟ್ಟಾದ ಕಲ್ಲಿನ ಓಣಿಗಳಲ್ಲದೆ ಬೇರೇನೂ ಕಾಣದಿರುವುದರಿಂದ, ಗೋಡೆಯ ಒಂದು ಇಟ್ಟಿಗೆಯ ಮೇಲೆ ಉಗುರಿನಷ್ಟು ಉಬ್ಬಿರುವ ಗುಪ್ತ ಗುಂಡಿಯೂ ಕ್ರಮೇಣ ಕಣ್ಣಿಗೆ ಬೀಳತೊಡಗುತ್ತದೆ. ಭಾರ ಬಿದ್ದರೆ ಕೆಳಗಿಳಿಯುವ ನೆಲದ ಒತ್ತುಹಲಗೆಯ ಮೇಲೆ ಕಲ್ಲೆಸೆದು ಬಾಗಿಲು ತೆರೆಯುವುದು, ಚೌಕದಿಂದ ಚೌಕಕ್ಕೆ ಪಕ್ಕಕ್ಕೆ ಸರಿಯುತ್ತ ಶತ್ರುವಿನ ಬದಿಯಿಂದ ಹೊಡೆಯುವುದು, ಹಸಿವಿಗೆಂದು ಬಸವನಹುಳುವಿನ ಮಾಂಸವನ್ನು ಜೋಪಾನವಾಗಿ ಉಳಿಸಿಕೊಳ್ಳುವುದು, ಇವೆಲ್ಲವನ್ನೂ ಆಟ ಒಂದೊಂದಾಗಿಯೇ ಎದುರಿಗೆ ತಂದಿಡುತ್ತದೆ. ತಾನಾಗಿ ಮೂಡುವ ನಕ್ಷೆಯನ್ನು ಆರಂಭದಲ್ಲೇ ನಿರಾಕರಿಸಿ ಗ್ರಾಫ್ ಹಾಳೆಯಲ್ಲಿ ನಾವೇ ಬರೆದುಕೊಳ್ಳಬಹುದು. ಒಂದು ಅಂತಸ್ತು ಉದ್ದಗಲ 32 ಚೌಕಗಳೊಳಗೇ ಇರುವುದರಿಂದ ಒಂದು ಹಾಳೆ ಸಾಕು. ಆ ಹಾಳೆಗಳನ್ನು ನಾನು ಇನ್ನೂ ಇಟ್ಟುಕೊಂಡಿದ್ದೇನೆ.

ಎರಡನೆಯದು ಎಲ್ಲ ರೀತಿಯಲ್ಲೂ ಹೆಚ್ಚು ಶ್ರೀಮಂತವಾದ ಆಟ. ಕಾಡು, ಕಡಲತೀರ, ಹಗಲು-ರಾತ್ರಿ, ನೀರಿನಡಿಯ ಈಜು, ಸಲಿಕೆಯಿಂದ ಅಗೆದು ತೆಗೆಯುವ ನಿಧಿ ಎಲ್ಲವೂ ಇವೆ. ಪಾತ್ರಗಳಿಗೆ ಆರಿಸಿಕೊಳ್ಳಲು ಮೊದಲ ಆಟದಲ್ಲಿ ಮೂರು ವರ್ಗಗಳಿದ್ದಲ್ಲಿ ಇಲ್ಲಿ ಎಂಟಾಗಿವೆ, ಅದರಲ್ಲೂ ಊಟದಿಂದಲೇ ಅನುಭವದ ಅಂಕ ಗಳಿಸುವ ರೈತ ನನಗೆ ಬಹಳ ಹಿಡಿಸಿದ. ಮಂತ್ರಕ್ಕೆ ರೂನ್ ಎಂಬ ಮಾಂತ್ರಿಕ ಚಿಹ್ನೆಗಳನ್ನು ಒಂದೊಂದಾಗಿ ಒತ್ತುವ ಬದಲು ಅವುಗಳ ಮೇಲೆ ಗೆರೆ ಎಳೆದರೆ ಸಾಕು. ಆದರೆ ಈ ಆಟ ನಮಗೆ ಹಳೆಯ ಆಟದ ಅಭ್ಯಾಸ ಇದೆಯೆಂದೇ ಭಾವಿಸುತ್ತದೆ. ಮೊದಲ ಸಲ ಬಂದಾಗ ದಡದ ಆಮೆಯ ಎದುರೇ ನಿಂತು ಹೊಡೆಸಿಕೊಂಡು ನನ್ನ ಮುಂಸಾಲಿನ ಇಬ್ಬರೂ ಸತ್ತರು. ಒಗಟುಗಳಂತೂ ದ್ವೀಪದ ತುಂಬ ಚದುರಿರುವುದರಿಂದ, ಪರಿಹಾರದ ತುಣುಕು ಎಲ್ಲಿದೆಯೆಂದು ಹುಡುಕುವುದರಲ್ಲೇ ಗಂಟೆಗಳು ಕಳೆದವು.

ಹಿಂದಿರುಗಿ ಮೊದಲನೆಯದನ್ನು ಆಡಿದಾಗ ಇನ್ನೊಂದು ನಷ್ಟ ತಿಳಿಯಿತು. ಆಕಾಶವನ್ನು ಕಂಡು ಬಂದವನಿಗೆ ಆ ಓಣಿಗಳು ಬಡವಾಗಿ ಕಂಡವು, ರೂನ್ ಒತ್ತುವುದು ಬೇಸರ ತರಿಸಿತು. ನಾಲ್ಕನೇ ಅಂತಸ್ತು ದಾಟಿದ ಮೇಲಷ್ಟೇ ಅದರ ಬಿಗುವು ನನ್ನನ್ನು ಹಿಡಿಯಿತು. ಇದೇ ಕಾರಣಕ್ಕೆ ಮೊದಲನೆಯದನ್ನೇ ಮೊದಲು ಆಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಒಂದೇ ಆಟಕ್ಕೆ ಸಮಯವಿದೆ ಎನ್ನುವವರು ಮಾತ್ರ ನೇರವಾಗಿ ದ್ವೀಪಕ್ಕೆ ಹೋಗಲಿ, ಆದರೆ ಸುಲಭದ ಹಂತವನ್ನು ಆರಿಸಿಕೊಳ್ಳಲಿ. ಎರಡನೇ ಸಲ ಅದೇ ದಡಕ್ಕೆ ಬಂದಾಗ ನಾನು ಆಮೆಯ ಸುತ್ತ ಸರಿಯುತ್ತ ಹೊಡೆದೆ. ನನ್ನ ತಂಡಕ್ಕೆ ಒಂದು ಏಟೂ ಬೀಳಲಿಲ್ಲ.