ಸರ್ವೇಯರ್ ಕಾಫಿ ಕುಡಿಯುವಾಗ ನಾನು ಆಡಿದ ಒಂದು ಮಾತು

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮುಂಭಾಗ ಅಜ್ಜನ ಕಾಲದ ಮಣ್ಣಿನ ಗೋಡೆ, ಹೆಂಚಿನ ಮಾಡು. ಹಿಂಭಾಗ ಗೃಹಸಾಲ ಮಾಡಿ ಕಟ್ಟಿಸಿದ ತಾರಸಿ. ಕಳೆದ ವರ್ಷ ಪುಷ್ಯ ಮಳೆಯ ಒಂದು ರಾತ್ರಿ ಹಿತ್ತಲ ಧರೆ ಜರಿದು ಚರಂಡಿಯ ಮೇಲೆ ಕುಳಿತಿತು. ಗುಡ್ಡದ ನೀರೆಲ್ಲ ಹಿಂಬಾಗಿಲಿನಿಂದ ಅಡುಗೆಮನೆಗೆ, ಅಲ್ಲಿಂದ ಉಗ್ರಾಣಕ್ಕೆ ನುಗ್ಗಿತು. ಮೇನ್ ಸ್ವಿಚ್ ಆರಿಸಿ, ಅಮ್ಮನನ್ನು ಅಟ್ಟಕ್ಕೆ ಹತ್ತಿಸಿ ಬೆಳಗು ಮಾಡಿದೆವು. ಅಂಥ ರಾತ್ರಿ ಹೇಗಿರುತ್ತದೆ ಎಂದು ಮಲೆನಾಡಿನವರಿಗೆ ನಾನು ವಿವರಿಸಬೇಕಾಗಿಲ್ಲ. ಅದರ ನಂತರದ ನಾಲ್ಕು ದಿನಗಳಲ್ಲಿ ಮಾಡಿದ ದಡ್ಡತನವನ್ನಷ್ಟೇ ಹೇಳುತ್ತೇನೆ.

ಸಾಲ ಕೊಡುವಾಗ ಬ್ಯಾಂಕಿನವರು ಮಾಡಿಸಿದ್ದ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಕಪಾಟಿನಲ್ಲಿತ್ತು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಈ ಪಾಲಿಸಿಯ ನಮೂನೆ ಯಾವ ಕಂಪನಿಯಲ್ಲಿ ಮಾಡಿಸಿದರೂ ಒಂದೇ. ಬೆಂಕಿಯ ಜೊತೆಗೆ ನೆರೆ, ಭೂಕುಸಿತ, ನೀರಿನ ಟ್ಯಾಂಕ್ ಅಥವಾ ಪೈಪ್ ಒಡೆದು ಆಗುವ ಹಾನಿಯೂ ಅದರಲ್ಲಿ ಸೇರಿದೆ. ಮನೆಯ ಸಾಮಾನಿಗೆ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಇಷ್ಟನ್ನೂ ನಾನು ಓದಿದ್ದು ಊರು ಕೊಳ್ಳೆ ಹೋದ ಮೇಲೆ.

ಬೆಳಿಗ್ಗೆಯೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ನಂಬರ್ ಬರೆದುಕೊಂಡೆ. ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ. ಮರುದಿನ ಗುತ್ತಿಗೆದಾರನೊಬ್ಬ ಕರೆಯದೆಯೇ ಬಂದ. ‘ಗೋಡೆ ಒಣಗಿಸಿ, ಗಾರೆ ಮಾಡಿ, ಬಣ್ಣ ಹೊಡೆದು ಕೊಡುತ್ತೇನೆ ಅಣ್ಣ. ಕ್ಲೇಮ್ ಕೂಡ ನಾನೇ ಮಾಡಿಸುತ್ತೇನೆ, ಬಂದ ಹಣದಲ್ಲಿ ನೂರಕ್ಕೆ ಹದಿನೈದು ಕೊಟ್ಟರೆ ಸಾಕು’ ಎಂದ. ಮುಂಗಡ 40,000 ರೂಪಾಯಿ ಮತ್ತು ಎರಡು ಖಾಲಿ ಹಾಳೆಗಳ ಮೇಲೆ ನನ್ನ ಸಹಿ ಪಡೆದ. ಕೆಸರಿನಲ್ಲಿ ನಿಂತು ಕಂಗಾಲಾಗಿದ್ದವನಿಗೆ ಅವನು ದೇವರಂತೆ ಕಂಡ.

‘ಬೂಷ್ಟು ಹಿಡಿಯುತ್ತದೆ, ಇವತ್ತೇ ಖಾಲಿ ಮಾಡಬೇಕು’ ಎಂದು ಅವನ ಆಳುಗಳು ಉಬ್ಬಿದ ಪ್ಲೈವುಡ್ ಕಪಾಟು, ಹಾಸಿಗೆ, ಮಿಕ್ಸಿ, ಎಲ್ಲವನ್ನೂ ಎತ್ತಿ ಕೊರಕಲಿಗೆ ಸುರಿದರು. ಗೋಡೆಯ ಗಾರೆಯನ್ನು ಮೂರಡಿ ಎತ್ತರಕ್ಕೆ ಕೆತ್ತಿದರು. ಹಾನಿಯನ್ನು ಅಂದಾಜು ಮಾಡಲು ವಿಮಾ ಕಂಪನಿ ಕಳಿಸಿದ ಸರ್ವೇಯರ್ ಬರುವ ಹೊತ್ತಿಗೆ, ನೀರು ಬಂದಿತ್ತು ಎನ್ನಲು ನನ್ನ ಬಾಯಿಯ ಹೊರತು ಬೇರೆ ಪುರಾವೆ ಉಳಿದಿರಲಿಲ್ಲ. ‘ಎಷ್ಟು ಎತ್ತರ ಬಂದಿತ್ತು?’ ಎಂದು ಅವರು ಕೇಳಿದಾಗ ಮೊಣಕಾಲಿನ ಹತ್ತಿರ ಕೈ ಹಿಡಿದು ತೋರಿಸಿದೆ. ಫೋಟೊ ಎರಡೇ ಇದ್ದವು. ಎರಡರಲ್ಲೂ ಗೋಡೆಗೆ ಅಡ್ಡವಾಗಿ ಆಳುಗಳು ನಿಂತಿದ್ದರು.

ಇನ್ನು ಆ ಕಾಫಿ. ಮನೆಗೆ ಬಂದವರನ್ನು ಬರಿದೇ ಕಳಿಸುವ ರೂಢಿ ನಮ್ಮಲ್ಲಿಲ್ಲವಲ್ಲ, ಜಗುಲಿಯಲ್ಲಿ ಕೂರಿಸಿದೆ. ಅವರು ಹೆಂಚಿನ ಕಡೆ ನೋಡಿ ‘ಹಳೆಯ ಮನೆ’ ಎಂದರು. ನಾನು ‘ಹೌದು ಸರ್, ಪ್ರತಿ ವರ್ಷ ಸ್ವಲ್ಪ ಸೋರುತ್ತದೆ’ ಎಂದೆ. ಹೇಳಿದ್ದು ಜಗುಲಿಯ ಮಾಡಿನ ವಿಷಯ. ನೀರು ನುಗ್ಗಿದ್ದು ಹಿಂದಿನ ತಾರಸಿ ಮನೆಗೆ. ಅವರು ಲೋಟ ಕೆಳಗಿಟ್ಟು ಬರೆದುಕೊಂಡರು. ಮಳೆಗಾಲದಲ್ಲಿ ಮಾತಿಗೆ ಮಾತು ಸೇರಿಸುವಾಗ ನಾವು ಹೀಗೇ ಹೇಳುವುದು. ಆದರೆ ಕಾಲಕ್ರಮದಲ್ಲಿ ಆಗುವ ಸವೆತಕ್ಕೆ ಪಾಲಿಸಿ ಹಣ ಕೊಡುವುದಿಲ್ಲ, ಒಮ್ಮೆಲೇ ನುಗ್ಗಿದ ನೀರಿಗೆ ಕೊಡುತ್ತದೆ. ಸುಳ್ಳು ಹೇಳಿ ಎನ್ನುತ್ತಿಲ್ಲ. ಯಾವ ಗೋಡೆ, ಯಾವ ನೀರು ಎಂದು ಬಿಡಿಸಿ ಹೇಳಿ; ಕೇಳದ ಪ್ರಶ್ನೆಗೆ ಉತ್ತರ ಕೊಡಬೇಡಿ.

ನಾವು ಕೇಳಿದ್ದು 3,85,000 ರೂಪಾಯಿ. ಕಂಪನಿ ಕೊಡಲು ಒಪ್ಪಿದ್ದು 61,400. ಅದನ್ನೂ ‘ಪೂರ್ಣ ಮತ್ತು ಅಂತಿಮ’ ಎಂದು ಸಹಿ ಹಾಕಿ ಪಡೆಯಬೇಕಿತ್ತು. ಬ್ಯಾಂಕಿನಲ್ಲಿರುವ ಭಾವ ತಡೆದು, ಮೊದಲು ಸರ್ವೇಯರ್ ವರದಿಯ ಪ್ರತಿ ಕೇಳು ಎಂದರು. ವರದಿಯಲ್ಲಿ ‘ವರ್ಷಂಪ್ರತಿ ಸೋರಿಕೆ ಇರುವುದಾಗಿ ಮನೆಯವರ ಹೇಳಿಕೆ’ ಎಂದಿತ್ತು. ಅದಕ್ಕಿಂತ ನಾಚಿಕೆಯಾದದ್ದು ಖಾಲಿ ಹಾಳೆಯ ಮೇಲೆ ಗುತ್ತಿಗೆದಾರ ಬರೆದಿದ್ದ ಅಂದಾಜುಪಟ್ಟಿ ನೋಡಿ. ನಮ್ಮ ಅಡುಗೆಮನೆಯ ಕಟ್ಟೆ ಕಡಪ ಕಲ್ಲಿನದು. ಅವನು ಗ್ರಾನೈಟ್ ಎಂದು ಬರೆದು 52,000 ರೂಪಾಯಿ ಹಾಕಿದ್ದ. ಒಂದು ಸುಳ್ಳು ಕಂಡ ಮೇಲೆ ಉಳಿದ ನಿಜವನ್ನು ಯಾರು ನಂಬುತ್ತಾರೆ? ಉಗ್ರಾಣದಲ್ಲಿ ನೆನೆದ ನಾಲ್ಕು ಚೀಲ ರಾಶಿ ಅಡಿಕೆಯನ್ನು ಸರ್ವೇಯರ್ ಲೆಕ್ಕದಿಂದ ಪೂರ್ತಿ ಹೊಡೆದುಹಾಕಿದ್ದರು. ಅದು ಮಾತ್ರ ಸರಿಯೇ: ಪಾಲಿಸಿ ಇರುವುದು ಮನೆಬಳಕೆಯ ಸಾಮಾನಿಗೆ, ಮಾರಾಟದ ಅಡಿಕೆಗಲ್ಲ.

ಗೋಡೆಯ ಕಥೆ ಬೇರೆ. ಪುಷ್ಯ, ಆಶ್ಲೇಷಾ ಮಳೆಗಳ ನಡುವೆ ಉಟ್ಟ ಬಟ್ಟೆಯೇ ಒಣಗದ ಊರಿನಲ್ಲಿ ಗುತ್ತಿಗೆದಾರ ಹತ್ತೇ ದಿನಕ್ಕೆ ಹೊಸ ಗಾರೆ ಮಾಡಿ ವಾಟರ್‌ಪ್ರೂಫ್ ಬಣ್ಣ ಬಳಿದು ಹೋದ. ಒಳಗಿನ ತೇವಕ್ಕೆ ದಾರಿಯಿಲ್ಲದೆ ನವರಾತ್ರಿಯ ಹೊತ್ತಿಗೆ ಬಣ್ಣವೆಲ್ಲ ಕರಿದ ಹಪ್ಪಳದಂತೆ ಎದ್ದುನಿಂತಿತು. ಬೆರಳಿನಿಂದ ಒತ್ತಿದರೆ ನೀರು ಜಿನುಗುತ್ತಿತ್ತು. ಬಣ್ಣ ಹೊಡೆಸುವ ಮೊದಲು ಒಂದು ತುಂಡು ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಮರುದಿನ ನೋಡಿ. ಹಿಂಬದಿಯಲ್ಲಿ ಹನಿ ಕಂಡರೆ ಬಣ್ಣದವನನ್ನು ವಾಪಸ್ ಕಳಿಸಿ.

ಅಳಿದುಳಿದ ಆಸೆ ಇರುವುದು ಎರಡು ವಸ್ತುಗಳಲ್ಲಿ. ಸರ್ಕಾರದ ಪರಿಹಾರಕ್ಕೆಂದು ಗ್ರಾಮ ಆಡಳಿತ ಅಧಿಕಾರಿ ಮಾಡಿದ್ದ ಮಹಜರಿನಲ್ಲಿ ‘ಧರೆ ಕುಸಿದು ನೀರು ನುಗ್ಗಿ’ ಎಂದು ಸ್ಪಷ್ಟವಾಗಿದೆ. ಇನ್ನೊಂದು, ಉಗ್ರಾಣದಲ್ಲಿ ಭತ್ತ ತುಂಬಿಡುವ ಮರದ ಪತ್ತಾಯ. ನಾಲ್ಕು ಆಳುಗಳಿಗೂ ಅಲುಗದ ಕಾರಣ ಅದೊಂದು ಕೊರಕಲು ಸೇರಲಿಲ್ಲ. ಅದರ ಹಲಗೆಯ ಮೇಲೆ ಕೆಂಪು ಕೆಸರಿನ ಗೆರೆ ಎಳೆದಂತೆ ಕೂತಿದೆ, ನೆಲದಿಂದ ಸರಿಯಾಗಿ 22 ಇಂಚು. ಟೇಪು ಹಿಡಿದು ಫೋಟೊ ತೆಗೆದೆ. ಅಮ್ಮ ಅದನ್ನು ಒರೆಸದಂತೆ ಕಾಯುವುದೇ ಒಂದು ಕೆಲಸವಾಗಿದೆ.

ಕಂಪನಿಗೆ ಲಿಖಿತ ದೂರು ಕೊಟ್ಟೆ, ಅವರು ತಿರಸ್ಕರಿಸಿದರು. ಈಗ ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆದಿದ್ದೇನೆ. ಕಂಪನಿ ತಿಂಗಳೊಳಗೆ ಉತ್ತರಿಸದಿದ್ದರೂ ಅಲ್ಲಿಗೆ ಹೋಗಬಹುದು. ತಿರಸ್ಕರಿಸಿದರೆ ಒಂದು ವರ್ಷದೊಳಗೆ ಹೋಗಬೇಕು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಗುತ್ತಿಗೆದಾರ ಈ ಮಳೆಗಾಲದಲ್ಲೂ ಓಡಾಡುತ್ತಿದ್ದಾನೆ ಎಂದು ಕೇಳಿದೆ. ಧರೆ ಜರಿದ ಸುದ್ದಿಯ ಹಿಂದೆಯೇ ಬರುತ್ತಾನೆ. ಅಂಗಳಕ್ಕೆ ಕಾಲಿಟ್ಟ ಕೂಡಲೇ, ಗೋಡೆಯ ಕಡೆಗೆ ಕಣ್ಣು ಹಾಯಿಸುವ ಮೊದಲೇ, ಅವನು ಕೇಳುವುದು ‘ಮನೆಗೆ ಇನ್ಶೂರೆನ್ಸ್ ಇದೆಯೇ ಅಣ್ಣ?’ ಎಂದು.